ಡಾಕ್ಟರಿಗೆ ಕಳಿಸುವ ಫೋಟೋ

ರನ್ನ ಬೆಳಗಲಿಯ ನಮ್ಮ ಓಣಿಯ ಸೊಸೆಯೊಬ್ಬಳು ಮೊನ್ನೆ ಮೊಬೈಲು ಹಿಡಿದುಕೊಂಡು ಬಂದಳು. "ಅಕ್ಕಾರ, ಹುಡುಗನ ಬೆನ್ನಿನ ಫೋಟೋ ಕಳಿಸಿದ್ನಿರೀ. ಏನೂ ತಿಳಿವಲ್ದು, ಇನ್ನೊಮ್ಮೆ ತಗದ ಕಳಸ್ರಿ ಅಂದ್ರು ಡಾಕ್ಟರು" ಎಂದಳು. ನೋಡಿದೆ. ರಾತ್ರಿ ಬಲ್ಬಿನ ಬೆಳಕು, ಬೆನ್ನ ತುಂಬ ಅರಿಷಿಣ, ಕೆಳಗೆ ಹಾಸಿದ್ದು ಕೆಂಪು ಇಳಕಲ್ ಸೀರೆ! ಮೈಬಣ್ಣವೇ ತಿಳಿಯದಿದ್ದರೆ ಬಿಳಿ ಮಚ್ಚೆ ಕಾಣುವುದೆಲ್ಲಿ?

ಸರಕಾರದ ಇ-ಸಂಜೀವನಿ 2020ರಲ್ಲಿ ಮನೆಯವರೆಗೂ ಬಂದ ಮೇಲೆ, ಮುಧೋಳದ ಬಸ್ಸು ಹತ್ತುವ ಮೊದಲೇ ಪುಕ್ಕಟೆ ಸಲಹೆ ಕೇಳುವ ಅನುಕೂಲ ಉಂಟು. ಆದರೆ ನಾವು ತೋರಿಸಿದಷ್ಟೇ ಡಾಕ್ಟರಿಗೆ ಕಾಣುವುದು.

ಮರುದಿನ ಬೆಳಿಗ್ಗೆ ಹುಡುಗನ ಬೆನ್ನು ತೊಳೆದು, ಉಜ್ಜದೆ ಒರೆಸಿ, ಬಾಗಿಲ ಹತ್ತಿರ ನೆರಳಿನ ಬೆಳಕಿನಲ್ಲಿ ನಿಲ್ಲಿಸಿದೆವು. ಫ್ಲ್ಯಾಶ್ ಬೇಡ. ಕ್ಯಾಮೆರಾದ ಗಾಜಿಗೆ ರೊಟ್ಟಿ ಹಿಟ್ಟು ಮೆತ್ತಿತ್ತು, ಒರೆಸಿದೆವು. (ನಿಮ್ಮದೂ ಒಮ್ಮೆ ನೋಡಿಕೊಳ್ಳಿ!) ಮೊದಲು ಇಡೀ ಬೆನ್ನು, ಆಮೇಲೆ ಒಂದು ಗೇಣು ದೂರದಿಂದ ಮಚ್ಚೆ, ಪಕ್ಕದಲ್ಲಿ ಅಳತೆಗೆ ಹೊಲಿಗೆಯ ಟೇಪು. ಉಬ್ಬಿದ ಗಂಟಾದರೆ ಓರೆಯಿಂದಲೂ ಒಂದು ತೆಗೆಯಬೇಕು. ತೀರ ಹತ್ತಿರ ಹಿಡಿದರೆ ಮಸುಕಾಗುತ್ತದೆ.

ಅಂಗಡಿಯಿಂದ ತಂದ ಮುಲಾಮು ಹಚ್ಚಿದ್ದರೆ ಮುಚ್ಚಿಡಬೇಡಿ, ಟ್ಯೂಬಿನ ಫೋಟೋವನ್ನೂ ಕಳಿಸಿ. ಸ್ಟಿರಾಯ್ಡ್ ಬೆರೆತ ಮುಲಾಮಿನಿಂದ ಗಜಕರ್ಣದ ತುರಿಕೆ ಇಳಿಯುತ್ತದೆ, ಉಂಗುರದ ಗುರುತು ಅಳಿಸುತ್ತದೆ, ರೋಗ ಮಾತ್ರ ಹಬ್ಬುತ್ತಲೇ ಇರುತ್ತದೆ. ಇನ್ನು ಮುಚ್ಚಿಕೊಳ್ಳುವ ಜಾಗದ್ದಾದರೆ ಫೋಟೋ ಗೊಡವೆಗೇ ಹೋಗದೆ ನೇರ ತೋರಿಸುವುದು ಲೇಸು. ಮನೆಯವರ ಗ್ರೂಪಿಗಂತೂ ಯಾವ ಚಿತ್ರವನ್ನೂ ಹಾಕಬೇಡಿ.

ಫೋಟೋ ಚೆನ್ನಾಗಿಯೇ ಬಂತು. ಆದರೂ ನನಗೊಂದು ಅನುಮಾನ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬೆನ್ನು ಸವರಿದೆ. ಎಲ್ಲಿ ಮುಟ್ಟಿದರೂ ಕಿಲಕಿಲ ನಗುತ್ತಿದ್ದ ಹುಡುಗ ಆ ಮಚ್ಚೆಯ ಮೇಲೆ ಮುಟ್ಟಿದಾಗ ಸುಮ್ಮನೆ ನಿಂತಿದ್ದ. "ಸಿಬ್ಬ ಅಂತ ಬಿಟ್ಟಿದ್ನಲ್ರೀ ಅಕ್ಕಾರ!" ಎಂದು ತಾಯಿ ಕುಳಿತೇಬಿಟ್ಟಳು. ಸ್ಪರ್ಶ ತಿಳಿಯದ ಬಿಳಿ ಮಚ್ಚೆ ಕುಷ್ಠದ್ದಿರಬಹುದು. ಅದು ಫೋಟೋದಲ್ಲಿ ಬರುವುದಿಲ್ಲ, ಕೈಮುಟ್ಟಿ ನೋಡಬೇಕು. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ, ಆರು ತಿಂಗಳು ಇಲ್ಲವೇ ಒಂದು ವರ್ಷ. ಬೇಗ ಶುರುಮಾಡಿದರೆ ಕೈಕಾಲು ಊನವಾಗದು.

ಮುಧೋಳಕ್ಕೆ ಹೋಗಿಬಂದಳು. ಅನುಮಾನ ನಿಜವಾಯಿತು, ಮಾತ್ರೆ ನಡೆದಿದೆ. ಹುಡುಗ ದಿನಾ ಶಾಲೆಗೆ ಹೋಗುತ್ತಾನೆ. "ಬರೀರಿ ಅಕ್ಕಾರ, ಹೆಸರೊಂದು ಬ್ಯಾಡ" ಎಂದಳು, ಬರೆದೆ.