ರೋಗಕ್ಕೆಂದೇ ಹುಟ್ಟಿಸಿದ ಜೀವ

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆಯುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಬಿಕರಿಯಾಗುತ್ತದೆ. ಗೂಡಿನೊಳಗಿನ ಜೀವವನ್ನು ಕೊಂದು ತೆಗೆದ ನೂಲೆಂದು ರೇಷ್ಮೆಯನ್ನೇ ತ್ಯಜಿಸಿದ ಶ್ರಾವಕರು ಸಮಾಜದಲ್ಲಿ ಇಂದಿಗೂ ಇದ್ದಾರೆ. ಆದರೆ ಶ್ರಾವಕರ ಮನೆಗಳಿಂದ, ಬಸದಿಗಳ ಟ್ರಸ್ಟುಗಳಿಂದ ವೈದ್ಯಕೀಯ ಸಂಶೋಧನೆಗೆ ದೇಣಿಗೆ ಹೋಗುವಾಗ, ಆ ಹಣದಿಂದ ಏನು ನಡೆಯುತ್ತದೆಂದು ಕೇಳುವವರು ವಿರಳ.

ಪಾರ್ಕಿನ್ಸನ್ ಕಾಯಿಲೆಯ ಸಂಗತಿಯನ್ನೇ ನೋಡಬಹುದು. ಆಯುರ್ವೇದದವರು ಕಂಪವಾತವೆನ್ನುವ, 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ರೋಗವು ಇಲಿಗೆ ಸಹಜವಾಗಿ ಬರುವುದಿಲ್ಲ. ಬರಿಸಬೇಕಾಗುತ್ತದೆ. 1997ರಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಪತ್ತೆಯಾಯಿತು. 2000ದಲ್ಲಿ ಮಾನವನ ಆ ವಂಶವಾಹಿಯನ್ನು ಹೊತ್ತ ಕುಲಾಂತರಿ ಇಲಿಗಳ ವರದಿ ಪ್ರಕಟವಾಯಿತು.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವು. ಸಂಕಲ್ಪೀ ಹಿಂಸೆಯನ್ನಾದರೋ ಅವನು ಬಿಡಲೇಬೇಕು. ಪ್ರಯೋಗಶಾಲೆಯ ಹಿಂಸೆ ಉದ್ಯೋಗಕ್ಕೆ ಸೇರಿದ್ದೆಂದು ವಾದಿಸುವವರುಂಟು. ಉಳುವಾಗ ಹುಳು ಸಾಯುತ್ತದೆ, ರೈತನು ಅದನ್ನು ಬಯಸಿರುವುದಿಲ್ಲ. ಇಲ್ಲಿಯಾದರೋ ಜೀವ ಹುಟ್ಟುವ ಮೊದಲೇ ಅದರ ವ್ಯಾಧಿಯೂ ವಧೆಯೂ ನಿಶ್ಚಿತವಾಗಿರುತ್ತವೆ. ಇದಕ್ಕಿಂತ ಸ್ಪಷ್ಟವಾದ ಸಂಕಲ್ಪ ಯಾವುದು? ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ದೇಣಿಗೆ ಕೊಟ್ಟವನು ಎಲ್ಲಿ ನಿಲ್ಲುತ್ತಾನೆಂಬುದನ್ನು ವಿವರಿಸಬೇಕಾಗಿಲ್ಲ.

ಭಾರತದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ದೊಡ್ಡ ಪ್ರಾಣಿಗಳ ಬದಲು ಮೊಲ, ಕಪ್ಪೆ, ಇಲಿಗಳಂಥ ಸಣ್ಣವು ಸಾಕಾಗುವುದಾದರೆ ಅವನ್ನೇ ಬಳಸಬೇಕೆನ್ನುತ್ತದೆ. ಕಾಯಿದೆ ಗಾತ್ರವನ್ನು ಅಳೆಯುತ್ತದೆ, ಜೈನಾಗಮ ಇಂದ್ರಿಯಗಳನ್ನು ಎಣಿಸುತ್ತದೆ. ಇಲಿಯು ಮನಸ್ಸುಳ್ಳ ಪಂಚೇಂದ್ರಿಯ ಜೀವ. ಆನೆಗಿಂತ ಒಂದು ಇಂದ್ರಿಯವೂ ಅದಕ್ಕೆ ಕಡಿಮೆಯಿಲ್ಲ.

ಎದುರುವಾದವೂ ಹಗುರವಾದುದಲ್ಲ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಸರ್ಪಗಂಧಿಯಿಂದ ಬರುವ ರಿಸರ್ಪಿನ್ ಕೊಟ್ಟು ಜಡಗೊಳಿಸಿದ ಮೊಲಗಳನ್ನು ಡೋಪಾದಿಂದ ಮತ್ತೆ ಚಲಿಸುವಂತೆ ಮಾಡಿದುದರ ಫಲವನ್ನೇ ಇಂದಿನ ರೋಗಿಗಳು ಮಾತ್ರೆಯಾಗಿ ನುಂಗುತ್ತಿದ್ದಾರೆ. ನಡುಗುವ ಕೈಯಿಂದ ಆ ಮಾತ್ರೆಯನ್ನು ಕಿತ್ತುಕೊಳ್ಳಿರೆಂದು ಯಾವ ಶಾಸ್ತ್ರವೂ ಹೇಳದು. ಆದರೆ ಅಂದಿನ ಮೊಲ ಇಂದಿನ ಕುಲಾಂತರಿ ಇಲಿಗೆ ಸಾಕ್ಷಿಯಾಗಲಾರದು. ಅನೇಕ ಕುಲಾಂತರಿ ತಳಿಗಳಲ್ಲಿ, ಈ ರೋಗದ ಮುಖ್ಯ ಲಕ್ಷಣವಾದ ಡೋಪಮೈನ್ ನರಕೋಶಗಳ ನಾಶವೇ ಕಾಣಿಸಿಕೊಂಡಿಲ್ಲ. ಇಲಿಗಳಲ್ಲಿ ಭರವಸೆ ಮೂಡಿಸಿದ್ದ ಸಿನ್ಪನೆಮ್ಯಾಬ್ ಎಂಬ ಔಷಧವು ರೋಗಿಗಳಲ್ಲಿ ಫಲ ತೋರದೆ 2021ರಲ್ಲಿ ಕೈಬಿಡಲ್ಪಟ್ಟಿತು.

ಔಷಧಕ್ಕಾದರೆ ದೋಷವಿಲ್ಲವೆಂಬ ಮಾತು ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು 'ಕಲ್ಯಾಣಕಾರಕ'ದಲ್ಲಿ ನಿರೂಪಿಸಿ, ನೃಪತುಂಗನ ಆಸ್ಥಾನದಲ್ಲಿ ಮಾಂಸೌಷಧದ ವಾದಿಗಳನ್ನು ಎದುರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಆ ಪರಂಪರೆಯನ್ನು ಕನ್ನಡಕ್ಕೆ ತಂದನು. ಅವರು ರೋಗಿಯನ್ನು ಕೈಬಿಡಲಿಲ್ಲ, ಬೇರೆ ದಾರಿ ಹುಡುಕಿದರು.

ಇಂದೂ ಬೇರೆ ದಾರಿಯಿದೆ. 2007ರಿಂದೀಚೆಗೆ ಮನುಷ್ಯನ ಚರ್ಮದ ಕೋಶಗಳನ್ನು ಆಕರಕೋಶಗಳಾಗಿ ಮಾರ್ಪಡಿಸಿ, ರೋಗಿಯದೇ ನರಕೋಶಗಳನ್ನು ಬೆಳೆಸುವುದು ಸಾಧ್ಯವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೆ ಈ ರೋಗದ ಅಧ್ಯಯನ ನಡೆದಿದೆ. ಅಲ್ಲಿಯೇ 1995ರಲ್ಲಿ ಸ್ಥಾಪಿತವಾದ ಮಾನವ ಮಿದುಳಿನ ಭಂಡಾರವೂ ಇದೆ. ನೇತ್ರದಾನವನ್ನು ಪುಣ್ಯವೆಂದು ಒಪ್ಪಿದ ಸಮಾಜವು ಮಿದುಳಿನ ದಾನಕ್ಕೆ ಹಿಂಜರಿಯುವುದೇಕೆ? ಅಗ್ನಿಗೆ ಅರ್ಪಿತವಾಗುವ ಅಂಗವನ್ನು ಉಳಿಸಿಕೊಂಡು, ಬದುಕಬಯಸುವ ಇಲಿಯನ್ನು ಮುಂದೊಡ್ಡುವುದು ಯಾವ ದಯೆ? ಟ್ರಸ್ಟುಗಳು ಮುಂದಿನ ದೇಣಿಗೆಯ ಪತ್ರದಲ್ಲಿ, ಈ ಹಣ ಪ್ರಾಣಿಪ್ರಯೋಗಕ್ಕೆ ವಿನಿಯೋಗವಾಗಕೂಡದೆಂಬ ಒಂದು ಸಾಲನ್ನು ಸೇರಿಸಲಿ. ಜೊತೆಗೆ ಮಿದುಳಿನ ದಾನದ ಪ್ರತಿಜ್ಞಾಪತ್ರಗಳನ್ನು ಬಸದಿಯ ಕಚೇರಿಯಲ್ಲಿಯೇ ದೊರಕಿಸಲಿ.