ಟೇಕಲ್ ಹೋಬಳಿಗೆ ಬರಪರಿಹಾರದ ಪೂರ್ವಸಿದ್ಧತೆಯನ್ನು ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ಕೋಲಾರ.

ಇವರಿಂದ:
ಮಾಲೂರು ತಾಲ್ಲೂಕು ಟೇಕಲ್ ಹೋಬಳಿಯ ರೈತರು ಮತ್ತು ಕೂಲಿಕಾರರು.

ಮಾನ್ಯರೆ,

ಸದಾ ಹರಿಯುವ ನದಿಯೊಂದೂ ಇಲ್ಲದೆ, ಪೂರ್ವಿಕರು ಕಟ್ಟಿದ ಕೆರೆಗಳನ್ನೇ ನೆಚ್ಚಿ ಬಾಳಿದ ಈ ಸೀಮೆಗೆ ಅನಾವೃಷ್ಟಿಯು ಅನಿರೀಕ್ಷಿತವಾದ ಆಪತ್ತಲ್ಲವಾದುದರಿಂದ, ಅದು ಬಂದೆರಗಿದ ಮೇಲೆ ಪರಿಹಾರವನ್ನು ಯಾಚಿಸುವುದಕ್ಕಿಂತ, ಮುಂಚಿತವಾಗಿಯೇ ಪರಿಹಾರದ ಕ್ರಮವನ್ನು ಗೊತ್ತುಪಡಿಸಬೇಕೆಂದು ಕೋರುವುದೇ ಯುಕ್ತವೆಂದೆಣಿಸಿ ಈ ಮನವಿಯನ್ನು ಅರ್ಪಿಸುತ್ತಿದ್ದೇವೆ.

ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು (1876–78) ತಲೆದೋರುವುದಕ್ಕೆ ಬಹು ಮೊದಲೇ, 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲುಮಾರ್ಗವು ಈ ಪ್ರದೇಶವನ್ನು ಹಾದುಹೋಗಿದ್ದಿತು. ಧಾನ್ಯ ಬರಲು ದಾರಿಯಿದ್ದೂ, ಅದನ್ನು ಹಸಿದವನ ಮನೆಯವರೆಗೆ ಮುಟ್ಟಿಸುವ ಏರ್ಪಾಡು ಸಕಾಲದಲ್ಲಿ ಒದಗದೆ, 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತಲೂ ಕೆಳಗಿಳಿಯಿತು. ಆ ದುರಂತದ ಅನಂತರ ನೇಮಕವಾದ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿತು. ಕ್ಷಾಮ ಸಂಹಿತೆಗಳು ರಚಿತವಾದುವು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಪ್ರತಿ ಜಿಲ್ಲೆಗೂ ಒಂದು ಯೋಜನೆಯಿರತಕ್ಕದ್ದೆಂದು ವಿಧಿಸಿತು. ಆದಾಗ್ಯೂ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ, ಕೇಂದ್ರದ ನೆರವು ಮಂಜೂರಾದುದು 2024ರ ಏಪ್ರಿಲ್ ತಿಂಗಳ ಕೊನೆಯಲ್ಲಿ, ಅದೂ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ. ರಾಗಿ ಕೈಕೊಟ್ಟ ಕಾರ್ತಿಕದಲ್ಲಿ ಬೇಕಾದ ಹಣವು ಚೈತ್ರದಲ್ಲಿ ಬಂದರೆ, ನಡುವಣ ಸಾಲಕ್ಕೂ, ಸಂತೆಯಲ್ಲಿ ಸಿಕ್ಕಿದ ಬೆಲೆಗೆ ಮಾರಿದ ದನಕ್ಕೂ ಅದರಿಂದ ಪರಿಹಾರವಿಲ್ಲ.

ಆದಕಾರಣ ನಮ್ಮ ಬೇಡಿಕೆಗಳು:

1. ಜಿಲ್ಲಾ ಯೋಜನೆಯಲ್ಲಿ ಈ ಹೋಬಳಿಗೆ ಸಂಬಂಧಿಸಿದ ಭಾಗವನ್ನು ಕನ್ನಡದಲ್ಲಿ ಮುದ್ರಿಸಿ, ಮುಂಗಾರಿಗೆ ಮುನ್ನ ಗ್ರಾಮಸಭೆಗಳಲ್ಲಿ ಓದಿಸತಕ್ಕದ್ದು.

2. ಮಳೆಯ ಅಳತೆಯನ್ನೂ ಬೆಳೆನಷ್ಟದ ಪಟ್ಟಿಯನ್ನೂ ನಾಡಕಚೇರಿಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಅವಕಾಶವಿತ್ತ ತರುವಾಯವೇ ಅಂತಿಮಗೊಳಿಸತಕ್ಕದ್ದು.

3. ಪಹಣಿಯಲ್ಲಿ ಹೆಸರಿಲ್ಲದೆ ವಾರಕ್ಕೋ ಗುತ್ತಿಗೆಗೋ ಉಳುವವರನ್ನು ಪಂಚಾಯತಿಯ ಮಹಜರಿನಿಂದ ಗುರುತಿಸಿ ಪರಿಹಾರಕ್ಕೆ ಅರ್ಹರೆಂದು ಪರಿಗಣಿಸತಕ್ಕದ್ದು. ಬೆಳೆ ಬಾಡಿದಾಗ ನಷ್ಟ ಹೊರುವವನು ಬೀಜ ಗೊಬ್ಬರಕ್ಕೆ ಹಣ ಹಾಕಿದವನೇ ಹೊರತು ಕೇವಲ ದಾಖಲೆಯ ಒಡೆಯನಲ್ಲ.

4. ಜಮೀನಿಲ್ಲದ ಕೂಲಿಕಾರರಿಗೆ ಒದಗಿಸುವ ಕೆಲಸವು ಕೆರೆಯ ಹೂಳೆತ್ತುವುದಕ್ಕೂ, ಒತ್ತುವರಿಯಾದ ಪೋಷಕ ಕಾಲುವೆಗಳನ್ನು ಅಳತೆಮಾಡಿ ಬಿಡಿಸುವುದಕ್ಕೂ, ತೂಬು ಕೋಡಿಗಳ ದುರಸ್ತಿಗೂ ಮೀಸಲಾಗತಕ್ಕದ್ದು. ಹೀಗಾದಲ್ಲಿ ಈ ವರ್ಷದ ಕೂಲಿಯು ಮುಂದಣ ವರ್ಷದ ನೀರಾಗುವುದು.

5. ಕೊಯ್ಲಿನ ಕಾಲದಲ್ಲಿಯೇ ರಾಗಿಹುಲ್ಲನ್ನು ಕೊಂಡು ಹೋಬಳಿ ಮಟ್ಟದಲ್ಲಿ ದಾಸ್ತಾನಿಡತಕ್ಕದ್ದು. ಆಳದ ಕೊಳವೆಬಾವಿಗಳಿಂದ ಟ್ಯಾಂಕರಿನಲ್ಲಿ ಪೂರೈಸುವ ನೀರಿನ ಫ್ಲೋರೈಡ್ ಅಂಶವನ್ನು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯತಿಯಲ್ಲಿ ತೂಗುಹಾಕತಕ್ಕದ್ದು.

ಈ ಬೇಡಿಕೆಗಳಲ್ಲಿ ಹೆಚ್ಚಿನವು ಹೊಸ ಹಣಕ್ಕಿಂತ ಸಕಾಲದ ಆಜ್ಞೆಯನ್ನೇ ಅಪೇಕ್ಷಿಸುವುವು. ಆದ್ದರಿಂದ ಮುಂಗಾರಿಗೆ ಮುಂಚೆ ಟೇಕಲ್ಲಿನಲ್ಲಿಯೇ ಸಭೆ ಕರೆದು, ಪ್ರತಿಯೊಂದಕ್ಕೂ ಹೊಣೆಗಾರರಾದ ಅಧಿಕಾರಿಯನ್ನೂ ಗಡುವನ್ನೂ ಲಿಖಿತವಾಗಿ ಗೊತ್ತುಪಡಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತು ತಮ್ಮ ವಿಶ್ವಾಸಿಗಳು,
ಟೇಕಲ್ ಹೋಬಳಿಯ ರೈತರು ಮತ್ತು ಕೂಲಿಕಾರರು

ಪ್ರತಿ: ತಹಶೀಲ್ದಾರರು, ಮಾಲೂರು.