ಪುಕ್ಕಟೆ ಟಿಕೆಟ್ ಕೊಡಿ, ಕನ್ನಡದಲ್ಲಿ ಕರೆಯಿರಿ

ದುರ್ಗದ, ಹಿರಿಯೂರಿನ, ಹೊಸದುರ್ಗದ, ಹೊಳಲ್ಕೆರೆಯ ಯುವ ಮಿತ್ರರೇ,

ನಿಮ್ಮ ಮೈಮೇಲಿರುವ ಜೆರ್ಸಿ ಯಾವ ಊರಿನದು? ಒಮ್ಮೆ ನೋಡಿಕೊಳ್ಳಿ. ಮ್ಯಾಂಚೆಸ್ಟರ್, ಮ್ಯಾಡ್ರಿಡ್, ಬಾರ್ಸಿಲೋನಾ. ಆ ತಂಡಗಳ ಹನ್ನೊಂದು ಜನರ ಹೆಸರು ನಿಮಗೆ ಬಾಯಿಪಾಠ. ರಾತ್ರಿ ಒಂದೂವರೆಗೆ ಎದ್ದು ಮೊಬೈಲಿನಲ್ಲಿ ಅವರ ಆಟ ನೋಡುತ್ತೀರಿ. ತಪ್ಪೇನಿಲ್ಲ, ಒಳ್ಳೆಯ ಆಟ ಎಲ್ಲಿದ್ದರೂ ನೋಡಬೇಕು. ಆದರೆ ಇಲ್ಲಿಂದ 200 ಕಿಲೋಮೀಟರ್ ದೂರದ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಒಂದೇ ಒಂದು ಫುಟ್‌ಬಾಲ್ ಪಂದ್ಯ ನೋಡಿದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತವೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು.

ಅದೇ ಕಂಠೀರವಕ್ಕೆ 2021ರ ಅಕ್ಟೋಬರ್ ಕೊನೆಯಲ್ಲಿ ಅಪ್ಪು ಅವರನ್ನು ಕೊನೆಯ ಸಲ ನೋಡಲು ನಾಡಿನ ಮೂಲೆ ಮೂಲೆಯಿಂದ ಜನ ಹೋದರು. 2006ರಲ್ಲಿ ಅಣ್ಣಾವ್ರ ಪಾರ್ಥಿವ ಶರೀರ ಇಟ್ಟಿದ್ದೂ ಅಲ್ಲೇ. ಕಣ್ಣೀರು ಹಾಕಲು ನಮಗೆ ದಾರಿ ಗೊತ್ತಿದೆ. ಕೇಕೆ ಹಾಕಲು ಯಾಕೆ ಗೊತ್ತಿಲ್ಲ?

2023ರ ಮಾರ್ಚ್ ತಿಂಗಳ ಎರಡು ದಿನಗಳನ್ನು ನೆನಪಿಸುತ್ತೇನೆ. ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್ ಪಂದ್ಯ. ಸುನಿಲ್ ಚೆಟ್ರಿ ಹೊಡೆದ ಫ್ರೀಕಿಕ್ ಗೋಲನ್ನು ಒಪ್ಪದ ಕೇರಳದವರು ಆಟ ಬಿಟ್ಟು ಹೊರನಡೆದರು. ದೇಶವೆಲ್ಲ ತಿಂಗಳುಗಟ್ಟಲೆ ಅದನ್ನೇ ಮಾತಾಡಿತು. ಮರುದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಮ್ಮ ರಾಜ್ಯ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. 54 ವರ್ಷಗಳ ನಂತರ! ಹಿಂದೆ ನಾಲ್ಕು ಸಲ ಗೆದ್ದಾಗ ತಂಡದ ಹೆಸರು ಮೈಸೂರು. ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಆ ಹೆಸರಿನಲ್ಲಿ ಬಂದ ಮೊಟ್ಟಮೊದಲ ಸಂತೋಷ್ ಟ್ರೋಫಿ ಇದು. ನಮ್ಮ ಜಿಲ್ಲೆಯಲ್ಲಿ ಒಂದು ಪಟಾಕಿ ಸಿಡಿಯಿತೇ? ಒಂದು ಸರ್ಕಲ್‌ನಲ್ಲಿ ಬಾವುಟ ಹಾರಿತೇ? ನವೆಂಬರ್ 1ಕ್ಕೆ ಬೈಕಿಗೆ ಬಾವುಟ ಕಟ್ಟುವ ನಾವು ಆ ದಿನ ಎಲ್ಲಿದ್ದೆವು?

ಫುಟ್‌ಬಾಲ್ ನಮ್ಮ ನಾಡಿಗೆ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದರು. 1-2ರಿಂದ ಸೋತರೂ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಧನರಾಜ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದ 'ಪಂಚ ಪಾಂಡವರು' ಎನಿಸಿಕೊಂಡ ಐವರಲ್ಲಿ ಇಬ್ಬರಾದರು. ಆ ಊರಿನ ಮುದುಕರು ಇವತ್ತಿಗೂ ಅಹ್ಮದ್ ಖಾನರ ಹೆಸರು ಹೇಳುತ್ತಾರೆ. ಇಲ್ಲಿ? ಹುಟ್ಟಿಸಿದವರು ನಾವು, ಮೆರೆಸಿದವರು ಅವರು. ನೋಡುವ ಜನರಿದ್ದ ಕಡೆಗೆ ಆಟಗಾರ ಹೋಗುತ್ತಾನೆ. ಗ್ಯಾಲರಿ ಖಾಲಿ ಇಟ್ಟುಕೊಂಡು ಮೈದಾನದಲ್ಲಿ ನಮ್ಮವರು ಯಾಕಿಲ್ಲ ಎಂದು ಕೇಳಿದರೆ ಯಾರು ಉತ್ತರ ಕೊಡಬೇಕು?

ಈಗ ಬೆಂಗಳೂರು ಎಫ್‌ಸಿ ವಿಷಯಕ್ಕೆ ಬರೋಣ. ಇದು ಮುಂಬೈ ಬಂಡವಾಳದ ಕ್ಲಬ್, ನಮಗೇನು ಎನ್ನುವವರಿದ್ದಾರೆ. ಒಂದು ಮಾತು ನೆನಪಿಡಿ. ಈ ಕ್ಲಬ್ 2013ರಲ್ಲಿ ಶುರುವಾದಾಗ ಸರ್ಕಾರಿ ಕಾಗದದಲ್ಲಿ ಊರಿನ ಹೆಸರು ಇನ್ನೂ ಬ್ಯಾಂಗಲೋರ್ ಆಗಿತ್ತು. ಬೆಂಗಳೂರು ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲೇ ಬೆಂಗಳೂರು ಎಂಬ ಹೆಸರನ್ನು ಎದೆಮೇಲೆ ಹಾಕಿಕೊಂಡು ಆಡಿದ ತಂಡ ಇದು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಮಣಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2019ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್ ಕಪ್. ಒಳ್ಳೆಯದನ್ನು ಒಳ್ಳೆಯದು ಎನ್ನಲು ನಮಗೆ ಸಂಕೋಚ ಬೇಡ.

ಆದರೆ ಟ್ರೋಫಿ ಗೆದ್ದರೆ ಕ್ಲಬ್ ಉಳಿಯುವುದಿಲ್ಲ. 2025ರ ಜುಲೈನಲ್ಲಿ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ಒಪ್ಪಂದ ಮುಗಿಯುವ ಗೊಂದಲದಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಕ್ರಿಕೆಟ್‌ನಲ್ಲಿ ಇಂಥದ್ದಾಗಿದ್ದರೆ ವಿಧಾನಸೌಧದವರೆಗೂ ಕೂಗು ಹೋಗುತ್ತಿತ್ತು. ಫುಟ್‌ಬಾಲ್ ಆದ್ದರಿಂದ ಕ್ರೀಡಾಪುಟದ ಮೂಲೆಯಲ್ಲಿ ಮುಗಿಯಿತು. ಜನ ತನ್ನದು ಎಂದುಕೊಳ್ಳದ ಕ್ಲಬ್ ಮುಚ್ಚಿದರೆ ಅಳುವವರಿರುವುದಿಲ್ಲ.

ಜನರನ್ನು ಕರೆದರೆ ಬರುತ್ತಾರೆಯೇ? ಬರುತ್ತಾರೆ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ 5-0ರಿಂದ ಗೆದ್ದ ಪಂದ್ಯ ನೋಡಲು ಬಂದಿದ್ದವರು ಕೇವಲ 2,569 ಜನ. ಮೂರು ಗೋಲು ಹೊಡೆದ ಚೆಟ್ರಿ, ಬೈಯುವುದಿದ್ದರೆ ಮೈದಾನಕ್ಕೆ ಬಂದು ಬೈಯಿರಿ, ಆದರೆ ಬನ್ನಿ ಎಂದು ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡರು. ಮುಂದಿನ ಪಂದ್ಯಕ್ಕೆ ಎಲ್ಲ ಟಿಕೆಟ್ ಖಾಲಿ. ಕರೆಯುವ ದನಿಯಲ್ಲಿ ಪ್ರಾಮಾಣಿಕತೆ ಇತ್ತು, ಅಷ್ಟೇ.

ಆದ್ದರಿಂದ ನಮ್ಮ ಬೇಡಿಕೆ ಇದು. ಬೆಂಗಳೂರಿನ ಕ್ಲಬ್‌ಗಳೂ ರಾಜ್ಯ ಫುಟ್‌ಬಾಲ್ ಸಂಸ್ಥೆಯೂ ಜಿಲ್ಲೆಗಳ ಸರ್ಕಾರಿ ಶಾಲೆ, ಪಿಯು ಕಾಲೇಜು, ಐಟಿಐ ಹುಡುಗ ಹುಡುಗಿಯರಿಗೆ ಪುಕ್ಕಟೆ ಟಿಕೆಟ್ ಕೊಟ್ಟು ಕರೆಯಲಿ.

ಪುಕ್ಕಟೆ ಎಂದ ಕೂಡಲೇ ಕೆಲವರಿಗೆ ಮುಜುಗರ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎನ್ನುತ್ತಾರೆ. ಅಚ್ಚಿನ ಮನೆ ನಡೆಸುವವನಾಗಿ ನಾನು ಟಿಕೆಟ್ಟೂ ಅಚ್ಚು ಹಾಕಿದ್ದೇನೆ, ಪಾಸೂ ಅಚ್ಚು ಹಾಕಿದ್ದೇನೆ. ಜಾತ್ರೆಯಲ್ಲಿ ಟೆಂಟು ಹಾಕುವ ನಾಟಕ ಕಂಪನಿಯಿಂದ ಹಿಡಿದು ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿವರೆಗೆ ನಾನು ಕಂಡದ್ದು ಒಂದೇ. ಪುಕ್ಕಟೆ ಪಾಸು ಹೋಗುವುದು ಕೊಂಡುಕೊಳ್ಳಬಲ್ಲವರ ಮನೆಗೆ. ಸಾಹೇಬರಿಗೆ ಹತ್ತು, ಗುತ್ತಿಗೆದಾರರಿಗೆ ಹತ್ತು, ಮೆಂಬರಿಗೆ ಇಪ್ಪತ್ತು. ಮುಂದಿನ ಸಾಲಿನ ಸೋಫಾ ಖಾಲಿ, ಆಟದ ಹುಚ್ಚಿರುವ ಹುಡುಗ ಬೇವಿನ ಮರದ ಮೇಲೆ. ಹಾಗಾಗಿ ಪುಕ್ಕಟೆ ಟಿಕೆಟ್‌ನ ಬೆಲೆ ಅದು ಯಾರ ಕೈಗೆ ಸೇರಿತು ಎಂಬುದರಲ್ಲಿದೆ.

ಇನ್ನೊಂದು ಮಾತು, ಇದನ್ನು ನೋವಿನಿಂದ ಬರೆಯುತ್ತಿದ್ದೇನೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತದಲ್ಲಿ ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನವರು. ಪುಕ್ಕಟೆ ಪಾಸು ಉಂಟು, ಪ್ರವೇಶ ಸೀಮಿತ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತ್ತು. ಸುಮಾರು 35 ಸಾವಿರ ಜನ ಹಿಡಿಯುವ ಜಾಗದ ಮುಂದೆ ಲಕ್ಷಗಟ್ಟಲೆ ಜನ. ಯಾರಿಗೆ ಪಾಸು, ಯಾವ ಗೇಟು, ಯಾವ ಸೀಟು? ಯಾರಿಗೂ ಗೊತ್ತಿರಲಿಲ್ಲ. ಅಚ್ಚಿನ ಕೆಲಸದಲ್ಲಿ ಹುಡುಗ ಮೊದಲು ಕಲಿಯುವ ಪಾಠವೇ ಇದು: ಟಿಕೆಟ್ಟಿಗೆ ನಂಬರ್ ಇರಬೇಕು, ನಂಬರಿಗೆ ಒಂದು ಜಾಗ ಇರಬೇಕು, ಹರಿದುಕೊಳ್ಳುವ ತುಂಡು ಗೇಟಿನಲ್ಲಿ ಉಳಿಯಬೇಕು. ನಂಬರಿಲ್ಲದ ಪಾಸು ಹಂಚಿ ಜನ ಸೇರಿಸುವುದು ಅಭಿಮಾನಕ್ಕೆ ಮಾಡುವ ದ್ರೋಹ. ಆ ಹನ್ನೊಂದು ಮನೆಗಳ ಕಣ್ಣೀರು ಇದನ್ನು ನಾಡಿಗೆಲ್ಲ ಕಲಿಸಬೇಕು.

ಆದ್ದರಿಂದ ನಾವು ಕೇಳುವ ಪುಕ್ಕಟೆ ಟಿಕೆಟ್‌ಗೆ ಷರತ್ತುಗಳಿವೆ.

ಒಂದು: ಟಿಕೆಟ್ ಶಾಲೆ ಕಾಲೇಜುಗಳ ಮೂಲಕ, ಹೆಸರು, ಸೀಟು, ಗೇಟಿನ ನಂಬರಿನೊಂದಿಗೆ ಬರಲಿ. ಪಂದ್ಯದ ಒಂದು ವಾರ ಮೊದಲೇ ಕೈಗೆ ಸಿಗಲಿ. ಗೇಟಿನ ಮುಂದೆ ಹಂಚುವುದು ಬೇಡವೇ ಬೇಡ.

ಎರಡು: ಟಿಕೆಟ್ ಪುಕ್ಕಟೆಯಾದರೆ ಸಾಲದು, ದಾರಿಯೂ ಆಗಬೇಕು. ರಾತ್ರಿ ಏಳೂವರೆಗೆ ಶುರುವಾದ ಆಟ ಮುಗಿಯುವುದು ಒಂಬತ್ತೂವರೆಗೆ. ದುರ್ಗಕ್ಕೆ ಬಸ್ ಹಿಡಿದು ಬಂದಿಳಿಯುವಾಗ ಮಧ್ಯರಾತ್ರಿ ಮೀರಿರುತ್ತದೆ. ಹೊಸದುರ್ಗ, ಹೊಳಲ್ಕೆರೆಯವರು ಅಲ್ಲಿಂದ ಮುಂದೆ ಏನು ಮಾಡಬೇಕು? ವರ್ಷಕ್ಕೆ ಒಂದೆರಡು ಪಂದ್ಯವನ್ನಾದರೂ ಭಾನುವಾರ ಸಂಜೆ ಬೇಗ ಇಟ್ಟು ಜಿಲ್ಲೆಗಳ ದಿನ ಎಂದು ಕರೆಯಲಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಪುಕ್ಕಟೆ ಆಗಿರುವುದು 2023ರ ಜೂನ್‌ನಿಂದ. ಟಿಕೆಟ್ಟೂ ಪುಕ್ಕಟೆಯಾದರೆ ಹಿರಿಯೂರಿನ ಕಾಲೇಜು ಹುಡುಗಿಯರು ಮೇಷ್ಟ್ರು, ಮೇಡಂ ಜೊತೆ ಹೋಗಿಬರಲು ಅಡ್ಡಿ ಏನು? ಓಬವ್ವನ ಊರಿನವರು ಗ್ಯಾಲರಿಯಲ್ಲಿ ಹೆಣ್ಣುಮಕ್ಕಳ ದನಿ ಕೇಳಬೇಕು ಎಂದರೆ ಅದು ಹೆಚ್ಚಲ್ಲ.

ಮೂರು: ಕರೆಯುವುದು ಕನ್ನಡದಲ್ಲಿ ಆಗಲಿ. ಟಿಕೆಟ್ ಕನ್ನಡದಲ್ಲಿ, ಗೇಟಿನ ಫಲಕ ಕನ್ನಡದಲ್ಲಿ, ಮೈಕಿನ ಮಾತು ಕನ್ನಡದಲ್ಲಿ. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿ ತರಿಸಿದ್ದು ಬೀದಿಗಿಳಿದ ಹೋರಾಟ. ಮೈದಾನದಲ್ಲಿ ಅದಕ್ಕೂ ಹೆಚ್ಚು ಕನ್ನಡ ಬೇಕೆಂದರೆ ಕಾನೂನಿಗೆ ಕಾಯುವುದು ಬೇಡ, ಗ್ಯಾಲರಿ ತುಂಬಿದರೆ ಸಾಕು.

ಇದು ಸಾಧ್ಯವೇ ಎನ್ನುವವರು ಸ್ಪೇನ್ ಕಡೆ ನೋಡಲಿ. ಫ್ರಾಂಕೋ ಸರ್ವಾಧಿಕಾರದಲ್ಲಿ ಕಚೇರಿ, ಶಾಲೆಗಳಿಂದ ಕ್ಯಾಟಲಾನ್ ಭಾಷೆಯನ್ನು ಹೊರಗಟ್ಟಿದಾಗ ಜನ ಅದನ್ನು ಎದೆಬಿಚ್ಚಿ ಆಡಿದ್ದು ಬಾರ್ಸಿಲೋನಾದ ಗ್ಯಾಲರಿಯಲ್ಲಿ. ಬಾಸ್ಕ್ ಸೀಮೆಯ ಅಥ್ಲೆಟಿಕ್ ಬಿಲ್ಬಾವೊ ನೂರಕ್ಕೂ ಹೆಚ್ಚು ವರ್ಷದಿಂದ ತನ್ನ ಸೀಮೆಯಲ್ಲಿ ಹುಟ್ಟಿದ ಅಥವಾ ಅಲ್ಲೇ ಆಟ ಕಲಿತ ಹುಡುಗರನ್ನು ಮಾತ್ರ ಆಡಿಸುತ್ತದೆ. ಹಾಗಿದ್ದೂ ಸ್ಪೇನ್‌ನ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿದಿಲ್ಲ. 2024ರಲ್ಲಿ 40 ವರ್ಷಗಳ ನಂತರ ಕೋಪಾ ಡೆಲ್ ರೇ ಗೆದ್ದಿತು. ನೀವು ಹಾಕಿಕೊಂಡಿರುವ ಬಾರ್ಸಿಲೋನಾ ಜೆರ್ಸಿಯ ಹಿಂದೆ ಒಂದು ಭಾಷೆಯ ಕಥೆ ಇದೆ ಮಿತ್ರರೇ. ಅವರ ಜೆರ್ಸಿ ಕೊಂಡಿರಿ, ಪಾಠವನ್ನೂ ಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಕನ್ನಡದಲ್ಲಿ ಕೂಗಿ ಎಂದರೆ ಬೇರೆಯವರನ್ನು ಹೊಡೆಯಿರಿ ಎಂದಲ್ಲ. ಬೆಂಗಳೂರಿನ ಫುಟ್‌ಬಾಲನ್ನು ಬದುಕಿಸಿಟ್ಟದ್ದು ಗೌತಮಪುರ, ಆಸ್ಟಿನ್ ಟೌನ್‌ನಂಥ ಬಡ ಬೀದಿಗಳು. ಅಲ್ಲಿನ ಮನೆಮಾತು ತಮಿಳೂ ಇರಬಹುದು, ಉರ್ದೂ ಇರಬಹುದು. ಅಹ್ಮದ್ ಖಾನ್, ಧನರಾಜ್ ಬಂದದ್ದು ಇಂಥ ನೆಲದಿಂದಲೇ. ಅವರು ಈ ಮಣ್ಣಿನ ಮಕ್ಕಳು, ಅವರನ್ನು ಕನ್ನಡದ ಕೂಗಿಗೆ ಸೇರಿಸಿಕೊಳ್ಳುವುದು ನಮ್ಮ ದೊಡ್ಡತನ. ಕಂಠೀರವದಲ್ಲಿ ಕೇರಳದವರು ಹಳದಿ ಬಟ್ಟೆ ತೊಟ್ಟು ಕೂಗಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಅವರು ದುಡ್ಡು ಕೊಟ್ಟು ಟಿಕೆಟ್ ಕೊಂಡು, ರಾತ್ರಿ ಬಸ್ಸಿನಲ್ಲಿ ಬಂದವರು. ಅವರ ದನಿ ಜೋರಾಗಿದೆ ಎಂದರೆ ನಮ್ಮ ದನಿ ಮನೆಯಲ್ಲಿ ಕೂತಿದೆ ಎಂದರ್ಥ.

ನಮ್ಮ ಹೋರಾಟಗಾರ ಬಂಧುಗಳಿಗೂ ಒಂದು ಮಾತು. ಬೋರ್ಡಿಗೆ ಮಸಿ ಬಳಿಯಲು ಅರ್ಧ ಗಂಟೆ ಸಾಕು. ನೂರು ಹುಡುಗರನ್ನು ಒಂದು ಆಟಕ್ಕೆ ಕರೆದೊಯ್ದು, ಕನ್ನಡದಲ್ಲಿ ಕೂಗಿಸಿ, ಕ್ಷೇಮವಾಗಿ ಮನೆ ಮುಟ್ಟಿಸಲು ತಿಂಗಳ ಕೆಲಸ ಬೇಕು. ಎರಡನೆಯದೂ ಕನ್ನಡದ ಕೆಲಸವೇ. ಪ್ರತಿ ತಾಲ್ಲೂಕು ಘಟಕ ವರ್ಷಕ್ಕೊಂದು ಬಸ್ ಹೊರಡಿಸಲಿ. ಜೊತೆಗೆ ಇಲ್ಲಿನ ಶಾಲಾ ಮೈದಾನಗಳಲ್ಲಿ ಎರಡು ಗೋಲುಕಂಬ ನೆಡಿಸಲಿ. ನೋಡಿ ಬಂದ ಹುಡುಗನಿಗೆ ಮರುದಿನ ಒದೆಯಲು ಚೆಂಡು ಬೇಕಲ್ಲ?

ಕೊನೆಯದಾಗಿ ನಿಮಗೆ, ಯುವ ಮಿತ್ರರಿಗೆ. ಮೊದಲ ಟಿಕೆಟ್ ಪುಕ್ಕಟೆ ಸಿಕ್ಕರೆ ನಾಚಿಕೆ ಪಡಬೇಡಿ, ತೆಗೆದುಕೊಳ್ಳಿ. ಆದರೆ ಎರಡನೆಯದನ್ನು ದುಡ್ಡು ಕೊಟ್ಟು ಕೊಳ್ಳಿ. ಪುಕ್ಕಟೆ ಬಂದವನು ಅತಿಥಿ, ಅವನಿಗೆ ಊಟ ಹೇಗಿತ್ತು ಎಂದು ಹೇಳುವ ಹಕ್ಕಿದೆ, ಅಡುಗೆ ಏನಾಗಬೇಕೆಂದು ಹೇಳುವ ಹಕ್ಕಿಲ್ಲ. ಟಿಕೆಟ್ ಕೊಂಡವನು ಮನೆಯವನು. ಹನ್ನೊಂದು ಜನರಲ್ಲಿ ಕರ್ನಾಟಕದ ಹುಡುಗರೆಷ್ಟು, ನಮ್ಮ ಜಿಲ್ಲೆಗೆ ಕೋಚ್ ಯಾವಾಗ ಬರುತ್ತಾನೆ, ಮೈಕಿನಲ್ಲಿ ಕನ್ನಡ ಯಾಕಿಲ್ಲ ಎಂದು ಅವನು ಎದೆತಟ್ಟಿ ಕೇಳಬಹುದು. ತುಂಬಿದ ಗ್ಯಾಲರಿಯಿಂದ ಬಂದ ಪ್ರಶ್ನೆಗೆ ಯಾವ ಮಾಲೀಕನೂ ಕಿವುಡಾಗಲಾರ.

ಕ್ಲಬ್‌ಗಳೇ, ಬಾಗಿಲು ತೆಗೆಯಿರಿ. ದುರ್ಗದ ಹುಡುಗರೇ, ಒಳಗೆ ನಡೆಯಿರಿ. ಬಾಯಿಬಿಟ್ಟು ಕನ್ನಡದಲ್ಲಿ ಕೂಗಿ.

ಜೈ ಕರ್ನಾಟಕ!